ಆ ಚಿತ್ರ ಯಾರ ಎದುರಿಗೆ ಇತ್ತು?

ಕ್ರೈಸ್ತ ಕಲೆಯ ಬಗ್ಗೆ ಉಪನ್ಯಾಸದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಉಪನ್ಯಾಸದ ದಿನ ಪರದೆಯ ಮೇಲೆ ಚಿತ್ರಗಳಿದ್ದವು, ಇಲ್ಲಿ ಇಲ್ಲ. ಹಾಗಾಗಿ ಚಿತ್ರದಲ್ಲಿ ಏನಿದೆ ಅನ್ನೋದನ್ನು ಅಲ್ಲಲ್ಲಿ ಮಾತಲ್ಲೇ ಹೇಳಿದ್ದೇನೆ. ಆದರೆ ಹೆಸರು ಹುಡುಕಿ, ಚಿತ್ರ ತೆರೆದಿಟ್ಟುಕೊಂಡು ಓದಿದರೆ ಒಳ್ಳೆಯದು.

ಕ್ರೈಸ್ತ ಕಲೆಯ ಬಗ್ಗೆ ಯಾವ ಪುಸ್ತಕ ತೆರೆದರೂ ಮೊದಲು ಸಿಗೋದು ಶೈಲಿಗಳ ಪಟ್ಟಿ. ಬೈಜಾಂಟೈನ್, ರೋಮನೆಸ್ಕ್, ಗಾಥಿಕ್, ರಿನೈಸಾನ್ಸ್, ಬರೋಕ್. ಅದು ತಪ್ಪು ಅಂತಲ್ಲ. ಆದರೆ ಆ ದಾರಿಯಲ್ಲಿ ಹೋದರೆ ಚಿತ್ರ ಬರೆದವನು ಸಿಗುತ್ತಾನೆ, ನೋಡಿದವನು ಸಿಗುವುದಿಲ್ಲ. ಈ ಚಿತ್ರಗಳಲ್ಲಿ ಬಹುಪಾಲು ಸುಮ್ನೆ ಗೋಡೆಗೆ ಅಂದ ಬರಲಿ ಅಂತ ಮಾಡಿದ್ದಲ್ಲ. ಒಂದು ಜಾಗದಲ್ಲಿ, ಒಂದಿಷ್ಟು ಜನರ ಕಣ್ಣೆದುರು, ಅವರು ಮಾಡುವ ಒಂದು ಕೆಲಸದ ನಡುವೆ ಇರಲಿ ಅಂತ ಮಾಡಿದ್ದು. ಆ ಜನ ಯಾರು ಅಂತ ಗೊತ್ತಾದ ಕೂಡಲೇ ಅದೇ ಚಿತ್ರ ಬೇರೆ ಥರ ಕಾಣಿಸುತ್ತದೆ. ನಾನು ಅವತ್ತು ಹೇಳಿದ್ದು ಇಷ್ಟೇ, ಉದಾಹರಣೆಗಳು ಮಾತ್ರ ಜಾಸ್ತಿ.

ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ಮೇಲೆ ದೂರಾ ಯೂರೋಪೊಸ್ ಅನ್ನೋ ಊರಿತ್ತು. ರೋಮನ್ನರ ಗಡಿ ಊರು, ಸೈನಿಕರ ಠಾಣೆ. ಸುಮಾರು 240ರ ಹೊತ್ತಿಗೆ ಅಲ್ಲಿನ ಕ್ರೈಸ್ತರು ಒಂದು ಸಾಧಾರಣ ಮನೆಯನ್ನು ತಮ್ಮ ಪ್ರಾರ್ಥನೆಗೆ ತಕ್ಕ ಹಾಗೆ ಬದಲಾಯಿಸಿಕೊಂಡಿದ್ದರು. ಒಳಗೆ ಒಂದು ಸಣ್ಣ ಕೋಣೆ, ಅದರಲ್ಲಿ ಕ್ರೈಸ್ತರಾಗುವವರು ಇಳಿಯುವ ದೀಕ್ಷಾಸ್ನಾನದ ತೊಟ್ಟಿ. ತೊಟ್ಟಿಯ ಹಿಂದಿನ ಗೋಡೆಯಲ್ಲಿ ಹೆಗಲ ಮೇಲೆ ಕುರಿ ಹೊತ್ತ ಕುರುಬ. ಉಳಿದ ಗೋಡೆಗಳಲ್ಲಿ ತನ್ನ ಮಂಚವನ್ನೇ ಹೊತ್ತು ಎದ್ದು ನಡೆಯುವ ಪಾರ್ಶ್ವವಾಯು ರೋಗಿ, ನೀರಿನ ಮೇಲೆ ಕಾಲಿಟ್ಟ ಯೇಸುವಿನ ಶಿಷ್ಯ ಪೇತ್ರ, ಕೈಯಲ್ಲಿ ಪಂಜು ಹಿಡಿದು ಸಾಲಾಗಿ ಹೋಗುವ ಹೆಂಗಸರು. 256ರ ಸುಮಾರಿಗೆ ಪರ್ಷಿಯದ ಸೈನ್ಯ ಮುತ್ತಿಗೆ ಹಾಕಿತು. ಕೋಟೆ ಗೋಡೆ ಗಟ್ಟಿಯಾಗಲಿ ಅಂತ ಸೈನಿಕರು ಅದಕ್ಕೆ ಹೊಂದಿದ್ದ ಮನೆಗಳಿಗೆಲ್ಲ ಮಣ್ಣು ತುಂಬಿದರು. ಊರು ಉಳಿಯಲಿಲ್ಲ. ಆ ಮಣ್ಣು ಮಾತ್ರ ಚಿತ್ರಗಳನ್ನು ಕಾಪಾಡಿತು. 1930ರ ದಶಕದಲ್ಲಿ ಅಗೆದವರಿಗೆ ಅವು ಸಿಕ್ಕವು, ಈಗ ಯೇಲ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿವೆ.

ಕೈ ಅಷ್ಟೇನೂ ಪಳಗಿದ್ದಲ್ಲ. ಗೆರೆಗಳು ಒರಟು. ಆದರೆ ಆ ತೊಟ್ಟಿಗೆ ಇಳಿಯುತ್ತಿದ್ದವರ ಜಾಗದಲ್ಲಿ ನಿಂತು ನೋಡಿ. ಹಳೆಯ ಬದುಕು ಬಿಟ್ಟು ನೀರಿಗೆ ಕಾಲಿಡುವ ಹೊತ್ತಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಕುರಿ ಹೊತ್ತು ಬರುವ ಕುರುಬ. ನಿನ್ನನ್ನು ಹೊತ್ತುಕೊಂಡು ಹೋಗುವವನು ಇದ್ದಾನೆ ಅಂತ ಹೇಳಲು ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಈ ಕುರುಬ ಕ್ರೈಸ್ತರು ಹುಟ್ಟಿಸಿದ ಆಕಾರ ಅಲ್ಲ. ಹೆಗಲ ಮೇಲೆ ಟಗರು ಹೊತ್ತ ಹುಡುಗನ ಶಿಲ್ಪಗಳು ಗ್ರೀಕರಲ್ಲಿ ನೂರಾರು ವರ್ಷ ಮೊದಲೇ ಇದ್ದವು. ಅದೇ ಆಕಾರ ತೆಗೆದುಕೊಂಡು ಹೊಸ ಅರ್ಥ ತುಂಬಿದರು. ರೋಮಿನ ನೆಲದಡಿಯ ಸಮಾಧಿಗಳಲ್ಲೂ, ಅಂದರೆ ಪ್ರಿಸಿಲ್ಲಾ, ಕಲಿಸ್ತುಸ್ ಮುಂತಾದ ಕ್ಯಾಟಕೂಂಬ್‌ಗಳಲ್ಲೂ ಈತ ಇದ್ದಾನೆ. ಕ್ರೈಸ್ತರು ಅಲ್ಲಿ ಅಡಗಿ ಬದುಕುತ್ತಿದ್ದರು ಅನ್ನೋ ಕಥೆ ಎಲ್ಲರೂ ಕೇಳಿರುತ್ತೀರಿ. ಅದು ಹಾಗಲ್ಲ. ಅವು ಹೂಳುವ ಜಾಗಗಳು. ಮನೆಯವರು ತೀರಿಕೊಂಡಾಗ ಬರುತ್ತಿದ್ದರು, ನೆನಪಿನ ದಿನ ಬಂದು ಕೂರುತ್ತಿದ್ದರು. ಹಾಗೆ ಕೂತವರ ಮುಂದಿನ ಗೋಡೆಯಲ್ಲಿ ಏನಿತ್ತು? ಮೀನಿನ ಹೊಟ್ಟೆಯಿಂದ ಹೊರಬಂದ ಯೋನ. ಸಿಂಹಗಳ ನಡುವೆ ಕೈಯೆತ್ತಿ ನಿಂತ ದಾನಿಯೇಲ. ಬೆಂಕಿಯ ಕುಲುಮೆಯೊಳಗೆ ಸುಡದೆ ನಿಂತ ಮೂವರು ಯುವಕರು. ಎಲ್ಲರೂ ಬೈಬಲಿನ ಕಥೆಗಳಲ್ಲಿ ಸಾವಿನ ಬಾಯಿಂದ ಹೊರಗೆ ಬಂದವರೇ. ಸತ್ತವರ ಪಕ್ಕದಲ್ಲಿ ಕೂತವರಿಗೆ ಬೇಕಾದ್ದು ಅದೇ ಕಥೆ, ಅಲ್ವಾ?

ಆದರೆ ಅಲ್ಲಿ ಒಂದು ಚಿತ್ರ ಇಲ್ಲ. ಶಿಲುಬೆಗೆ ಹೊಡೆದ ಯೇಸುವಿನ ಚಿತ್ರ.

ಇವತ್ತು ಕ್ರೈಸ್ತ ಧರ್ಮ ಅಂದ ಕೂಡಲೇ ಕಣ್ಣಿಗೆ ಬರೋದೇ ಅದು. ಆದರೂ ಮೊದಲ ಮೂರು ನಾಲ್ಕು ಶತಮಾನ ಅದು ಅಪರೂಪದಲ್ಲಿ ಅಪರೂಪ. ಶಿಲುಬೆ ಅಂದರೆ ಗುಲಾಮರಿಗೆ, ದಂಗೆ ಎದ್ದವರಿಗೆ ಕೊಡುತ್ತಿದ್ದ ಶಿಕ್ಷೆ. ನಡುಬೀದಿಯ ಅವಮಾನ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಶಿಲುಬೆಯ ಚಿತ್ರಗಳಲ್ಲಿ ಒಂದನ್ನು ಗೀಚಿದವನು ಕ್ರೈಸ್ತನೇ ಅಲ್ಲ, ಕ್ರೈಸ್ತನನ್ನು ಹಂಗಿಸಲು ಗೀಚಿದವನು. ರೋಮಿನ ಪಲಾಟೈನ್ ಗುಡ್ಡದ ಒಂದು ಗೋಡೆಯಲ್ಲಿ, ಸುಮಾರು 200ರ ಹೊತ್ತಿನದು. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ, ಪಕ್ಕದಲ್ಲಿ ಗ್ರೀಕ್ ಅಕ್ಷರ: ಅಲೆಕ್ಸಾಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ. ಆ ಅಲೆಕ್ಸಾಮೆನೊಸ್ ಯಾರೋ, ಏನೋ. ಜೊತೆಯವರು ಹೀಗೆ ನಗುತ್ತಿದ್ದ ಗೋಡೆಯ ಮುಂದೆ ಅವನೂ ಓಡಾಡಿರಬೇಕು. ಈ ಗೀಚು ನೋಡಿದಾಗಲೆಲ್ಲ ನನಗೆ ಅವನ ಮುಖ ಹೇಗಿತ್ತೋ ಅನ್ನಿಸುತ್ತದೆ.

ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ, ಸುಮಾರು 430ರಲ್ಲಿ, ಎಲ್ಲರೂ ನೋಡುವ ಕಡೆ ಶಿಲುಬೆಯ ದೃಶ್ಯ ಬಂತು. ಅಲ್ಲೂ ಶಿಲುಬೆ ಸರಿಯಾಗಿ ಕಾಣಿಸುವುದಿಲ್ಲ. ಮೂವರು ಕೈ ಚಾಚಿ ನಿಂತಿದ್ದಾರೆ, ಅಷ್ಟೇ. ಶಿಲ್ಪಿಗೆ ಇನ್ನೂ ಸಂಕೋಚ ಇತ್ತು ಅಂತ ನನ್ನ ಊಹೆ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 313ರಲ್ಲಿ ರೋಮನ್ ಸಾಮ್ರಾಟ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ದೊಡ್ಡ ಚರ್ಚುಗಳು ಎದ್ದವು. ಅವನ್ನು ಹಳೆಯ ದೇವಾಲಯಗಳ ಮಾದರಿಯಲ್ಲಿ ಕಟ್ಟಲಿಲ್ಲ. ಬಸಿಲಿಕಾ ಮಾದರಿಯಲ್ಲಿ ಕಟ್ಟಿದರು. ಬಸಿಲಿಕಾ ಅಂದರೆ ನ್ಯಾಯ, ವ್ಯಾಪಾರ ನಡೆಯುವ ಸಾರ್ವಜನಿಕ ಸಭಾಂಗಣ. ಯಾಕೆಂದರೆ ದೇವಾಲಯದಲ್ಲಿ ಬಲಿ ನಡೆಯುತ್ತಿದ್ದದ್ದು ಹೊರಗೆ, ಇಲ್ಲಿ ಜನ ಒಳಗೆ ಸೇರಬೇಕು. ಇಟಲಿಯ ರಾವೆನ್ನಾದ ಗಾಲ್ಲಾ ಪ್ಲಾಸಿಡಿಯಾ ಸಮಾಧಿ ಮಂದಿರದಲ್ಲಿ ಅದೇ ಕುರುಬ ಮತ್ತೆ ಸಿಗುತ್ತಾನೆ, ಐದನೇ ಶತಮಾನದಲ್ಲಿ. ಈಗ ಬಂಗಾರದ ನಿಲುವಂಗಿ, ಕೈಯಲ್ಲಿ ಕೋಲಿನ ಬದಲು ಬಂಗಾರದ ಶಿಲುಬೆ. ಹೆಗಲ ಮೇಲೆ ಕುರಿ ಇಲ್ಲ. ಸುತ್ತ ಕೂತ ಕುರಿಗಳು ಅವನನ್ನು ನೋಡುತ್ತಿವೆ, ಅವನು ಒಂದರ ಮೂತಿ ಮುಟ್ಟುತ್ತಿದ್ದಾನೆ. ಇನ್ನೂರು ವರ್ಷದಲ್ಲಿ ಕುರುಬ ರಾಜನಾಗಿದ್ದ. ಕೆಲವರು ಇದನ್ನು ಬರೀ ಅಧಿಕಾರದ ಪ್ರಭಾವ ಅನ್ನುತ್ತಾರೆ. ನನಗೆ ಅಷ್ಟೇ ಅನ್ನಿಸುವುದಿಲ್ಲ, ಆ ಮುಟ್ಟುವ ಕೈ ಇನ್ನೂ ಕುರುಬನ ಕೈಯೇ. ಪಕ್ಕದಲ್ಲೇ ಇರುವ ಸಾನ್ ವಿತಾಲೆಯಲ್ಲಿ, 547ರಲ್ಲಿ ಪ್ರತಿಷ್ಠೆಯಾದ ಚರ್ಚು, ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಟ ಜಸ್ಟಿನಿಯನ್ ಮತ್ತು ಅವನ ರಾಣಿ ತಿಯೋಡೋರಾ ಪರಿವಾರದೊಂದಿಗೆ ಬಲಿಪೀಠದ, ಅಂದರೆ ಪೂಜೆ ನಡೆಯುವ ಪೀಠದ, ಇಬ್ಬದಿಯಲ್ಲಿ ನಿಂತಿದ್ದಾರೆ. ಜಸ್ಟಿನಿಯನ್ ಆ ಊರಿಗೆ ಬಂದವನೇ ಅಲ್ಲ. ಅವನ ಚಿತ್ರ ಮಾತ್ರ ದಿನಾ ಪೂಜೆಯಲ್ಲಿ ಹಾಜರು. ಅಲ್ಲಿ ಅಧಿಕಾರದ ಮಾತು ನೇರವಾಗಿದೆ.

ಈಗ ಎಲ್ಲಕ್ಕಿಂತ ದೊಡ್ಡ ಜಗಳಕ್ಕೆ ಬರುತ್ತೇನೆ. ಉಪನ್ಯಾಸದಲ್ಲೂ ಇದಕ್ಕೇ ಜಾಸ್ತಿ ಹೊತ್ತು ಕೊಟ್ಟಿದ್ದೆ.

ಬೈಬಲಿನ ದಶಾಜ್ಞೆಗಳಲ್ಲಿ ಸ್ಪಷ್ಟವಾಗಿ ಇದೆ, ವಿಗ್ರಹ ಮಾಡಬೇಡ, ಮೇಲೆ ಆಕಾಶದಲ್ಲಾಗಲಿ ಕೆಳಗೆ ಭೂಮಿಯಲ್ಲಾಗಲಿ ಇರುವ ಯಾವುದರ ರೂಪವನ್ನೂ ಮಾಡಿ ಅಡ್ಡಬೀಳಬೇಡ ಅಂತ. ಹಾಗಿದ್ದರೆ ಐಕಾನ್‌ಗೆ, ಅಂದರೆ ಹಲಗೆಯ ಮೇಲೆ ಬರೆದ ಪವಿತ್ರ ಚಿತ್ರಕ್ಕೆ, ಮುತ್ತಿಡುವುದು, ಅದರ ಮುಂದೆ ದೀಪ ಹಚ್ಚುವುದು ಏನು? ಎಂಟನೇ ಶತಮಾನದಲ್ಲಿ ಬೈಜಾಂಟೈನ್ ಸಾಮ್ರಾಟ ಮೂರನೇ ಲಿಯೋ ಚಿತ್ರಗಳನ್ನು ವಿರೋಧಿಸಿದ. ಅವನ ಮಗ ಐದನೇ ಕಾನ್‌ಸ್ಟಂಟೈನ್ 754ರಲ್ಲಿ ಬಿಷಪರ ಸಭೆ ಕರೆದು ನಿಷೇಧಕ್ಕೆ ವಾದ ಕಟ್ಟಿಸಿದ. ಆ ವಾದ ದಡ್ಡತನದ್ದಲ್ಲ. ನೀವು ಕ್ರಿಸ್ತನ ಚಿತ್ರ ಬರೆದಿರಿ ಅಂತಿಟ್ಟುಕೊಳ್ಳಿ. ಬರೀ ಮನುಷ್ಯನನ್ನು ಬರೆದಿದ್ದರೆ ಅವನಲ್ಲಿರುವ ದೇವರನ್ನು ಬೇರೆ ಮಾಡಿದ ಹಾಗಾಯಿತು. ದೇವರನ್ನೂ ಬರೆದಿದ್ದೇನೆ ಅಂದರೆ ಕೊನೆಯಿಲ್ಲದ್ದನ್ನು ಹಲಗೆಯೊಳಗೆ ಕಟ್ಟಿದ ಹಾಗಾಯಿತು. ಎರಡೂ ತಪ್ಪು. ಕ್ರಿಸ್ತನ ನಿಜವಾದ ರೂಪ ಅಂತ ಇರುವುದು ಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸ ಮಾತ್ರ ಅಂದರು ಅವರು.

ಚಿತ್ರ ವಿರೋಧಿಗಳಿಗೆ ಆ ಸಭೆಗೂ ಮೊದಲೇ, ಲಿಯೋನ ಕಾಲದಲ್ಲೇ, ಗಟ್ಟಿಯಾಗಿ ಉತ್ತರ ಕೊಟ್ಟಿದ್ದವನು ದಮಾಸ್ಕಸ್ಸಿನ ಯೋಹಾನ. ಅವನು ಬದುಕಿದ್ದು ಖಲೀಫರ ಆಳ್ವಿಕೆಯ ನೆಲದಲ್ಲಿ, ಹಾಗಾಗಿ ಸಾಮ್ರಾಟನ ಕೈ ಅವನವರೆಗೆ ಚಾಚಲಿಲ್ಲ. ಅವನು ಹೇಳಿದ್ದರ ಸಾರ ಇದು: ಮೈಯಿಲ್ಲದ ದೇವರನ್ನು ಹಿಂದೆ ಯಾರೂ ಚಿತ್ರಿಸಲಿಲ್ಲ, ಸರಿ. ಆದರೆ ಈಗ ಆ ದೇವರು ಮೈ ತೊಟ್ಟು ಮನುಷ್ಯರ ನಡುವೆ ಓಡಾಡಿದ್ದಾನೆ. ಕಣ್ಣಿಗೆ ಕಂಡದ್ದನ್ನು ನಾನು ಚಿತ್ರಿಸುತ್ತೇನೆ. ನಾನು ಮರಕ್ಕೆ, ಬಣ್ಣಕ್ಕೆ ಪೂಜೆ ಮಾಡುತ್ತಿಲ್ಲ, ಅವನ್ನು ಸೃಷ್ಟಿಸಿದವನಿಗೆ ಮಾಡುತ್ತಿದ್ದೇನೆ. ಅಂದರೆ ಚಿತ್ರವನ್ನು ಬೇಡ ಅನ್ನುವುದು ದೇವರು ಮನುಷ್ಯನಾದದ್ದನ್ನೇ ಬೇಡ ಅಂದ ಹಾಗೆ. ಕ್ರೈಸ್ತ ಕಲೆಯ ಅಡಿಪಾಯ ಎಲ್ಲಿದೆ ಅಂತ ಕೇಳಿದರೆ ನಾನು ಯಾವ ಚಿತ್ರಕಾರನ ಹೆಸರನ್ನೂ ಹೇಳುವುದಿಲ್ಲ, ಈ ವಾದವನ್ನು ತೋರಿಸುತ್ತೇನೆ.

787ರ ಎರಡನೇ ನೈಸಿಯಾ ಸಭೆ ಚಿತ್ರಗಳ ಪರ ನಿಂತಿತು. ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ಕೊಡುವುದು ಗೌರವ, ಆ ಗೌರವ ಚಿತ್ರದಲ್ಲಿರುವವರಿಗೆ ತಲುಪುತ್ತದೆ ಅಂದಿತು. ಮತ್ತೆ ಒಂದು ಸುತ್ತು ನಿಷೇಧ ಬಂತು. ಜಗಳ ಮುಗಿದದ್ದು 843ರಲ್ಲಿ. ಈ ನಡುವೆ ಸುಟ್ಟುಹೋದದ್ದೆಷ್ಟೋ, ಕೆರೆದು ಸುಣ್ಣ ಬಳಿದದ್ದೆಷ್ಟೋ. ಸಾಮ್ರಾಟನ ಆಡಳಿತಕ್ಕೆ ಹೊರಗಿದ್ದ ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಹಳೆಯ ಐಕಾನ್‌ಗಳು ಹೆಚ್ಚಾಗಿ ಉಳಿದವು. ಅದರಲ್ಲಿ ಒಂದು ಆರನೇ ಶತಮಾನದ ಕ್ರಿಸ್ತನ ಮುಖ. ಬಿಸಿ ಜೇನುಮೇಣದಲ್ಲಿ ಬಣ್ಣ ಕಲಸಿ ಬರೆದದ್ದು. ಮುಖದ ಒಂದು ಅರ್ಧವನ್ನು ಕೈಯಿಂದ ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ಒಂದು ಕಡೆ ಶಾಂತ, ತೆರೆದ ಕಣ್ಣು. ಇನ್ನೊಂದು ಕಡೆ ಹುಬ್ಬು ಏರಿದೆ, ನೋಟ ಬಿಗಿ, ನಮ್ಮನ್ನು ತೂಗಿ ನೋಡುವ ಹಾಗೆ. ಇದರ ಮುಂದೆ ನಿಂತವನು ಅದನ್ನು ಎಷ್ಟು ನೋಡುತ್ತಾನೋ ಅದೂ ಅವನನ್ನು ಅಷ್ಟೇ ನೋಡುತ್ತದೆ.

ಇಲ್ಲಿ ಒಬ್ಬರು ಕೇಳಿದರು, ಯೇಸು ನಿಜಕ್ಕೂ ಹಾಗೇ ಇದ್ದನಾ ಅಂತ. ಅವನ ಬದುಕಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲೂ ಅವನ ಮುಖ, ಎತ್ತರ, ಬಣ್ಣದ ಬಗ್ಗೆ ಒಂದು ಸಾಲೂ ಇಲ್ಲ. ಮೊದಲ ಚಿತ್ರಗಳಲ್ಲಿ ಗಡ್ಡವಿಲ್ಲದ ಹುಡುಗ, ಆಮೇಲೆ ಉದ್ದ ಕೂದಲು, ಗಡ್ಡ. ಇಬ್ಬರೂ ಕ್ರಿಸ್ತನೇ ಅಂತ ಜನ ಒಪ್ಪಿದರು.

ಪಶ್ಚಿಮದಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಸುಮಾರು 600ರಲ್ಲಿ ಮಾರ್ಸೇಯ ಬಿಷಪ್ ಚಿತ್ರಗಳನ್ನು ಒಡೆಸಿದಾಗ ಪೋಪ್ ಗ್ರೆಗರಿ ಅವನಿಗೆ ಕಾಗದ ಬರೆದ. ಓದು ಬಲ್ಲವರಿಗೆ ಪುಸ್ತಕ ಹೇಗೋ ಓದು ಬಾರದವರಿಗೆ ಚಿತ್ರ ಹಾಗೆ, ಪೂಜೆ ಮಾಡಬೇಡಿ, ಆದರೆ ಒಡೆಯಲೂ ಬೇಡಿ ಅಂದ. ಈ ಮಾತನ್ನು ಹಿಡಿದುಕೊಂಡು ಚರ್ಚಿನ ಚಿತ್ರವೆಲ್ಲ ಓದು ಬಾರದವರ ಪಠ್ಯಪುಸ್ತಕ ಅನ್ನುವವರು ಬಹಳ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ಫ್ರಾನ್ಸಿನ ಶಾರ್ತ್ರ್ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಎಷ್ಟೋ ಕಥೆಗಳು ನೆಲದಿಂದ ತೀರಾ ಎತ್ತರದಲ್ಲಿವೆ. ಮೊದಲೇ ಕಥೆ ಗೊತ್ತಿಲ್ಲದವರಿಗೆ ಅವು ಏನೂ ಕಲಿಸುವುದಿಲ್ಲ. ಗೊತ್ತಿದ್ದವರಿಗೆ ನೆನಪು ತರುತ್ತವೆ. ಉಳಿದವರಿಗೆ ನೀಲಿ, ಕೆಂಪು ಬೆಳಕು. ಆ ಬೆಳಕೇ ಸಾಕಷ್ಟು ಹೇಳುತ್ತಿತ್ತು.

ಜರ್ಮನಿಯ ಕಲೋನ್ ಚರ್ಚಿನಲ್ಲಿ ಗೇರೋ ಶಿಲುಬೆ ಅಂತ ಇದೆ, ಸುಮಾರು 970ರದ್ದು, ಮನುಷ್ಯನಷ್ಟೇ ಎತ್ತರದ ಓಕ್ ಮರದ ಕೆತ್ತನೆ. ಅದಕ್ಕೆ ಮೊದಲು ಶಿಲುಬೆಯ ಮೇಲಿನ ಕ್ರಿಸ್ತ ಸಾಮಾನ್ಯವಾಗಿ ಕಣ್ಣು ತೆರೆದು ನೆಟ್ಟಗೆ ನಿಂತಿರುತ್ತಿದ್ದ, ಸಾವನ್ನು ಗೆದ್ದವನ ಹಾಗೆ. ಇಲ್ಲಿ ಅವನು ಸತ್ತಿದ್ದಾನೆ. ತಲೆ ಬಿದ್ದಿದೆ, ಕಣ್ಣು ಮುಚ್ಚಿದೆ, ಮೈಯ ಭಾರ ಕೈಗಳಿಂದ ಜೋತಾಡುತ್ತಿದೆ. ಮುಂದೆ ಇಟಲಿಯ ಪಾದುವಾದ ಸ್ಕ್ರೊವೆಂಜಿ ಮಂದಿರದಲ್ಲಿ, ಸುಮಾರು 1305ರಲ್ಲಿ, ಜಿಯೋತ್ತೋ ಸತ್ತ ಮಗನ ಮುಖಕ್ಕೆ ಮುಖವಿಟ್ಟ ತಾಯಿಯನ್ನು ಬರೆದ. ಆ ಚಿತ್ರದಲ್ಲಿ ಇಬ್ಬರು ನಮಗೆ ಬೆನ್ನು ಹಾಕಿ ಕೂತಿದ್ದಾರೆ. ಮುಖ ಕಾಣುವುದಿಲ್ಲ. ನಾವೂ ಅವರ ಹಿಂದೆ ಆ ಸಾವಿನ ಮನೆಯಲ್ಲಿ ಕೂತ ಹಾಗಾಗುತ್ತದೆ.

ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಫ್ರಾ ಆಂಜೆಲಿಕೊ ಬರೆದದ್ದು ತನ್ನ ಜೊತೆಯ ಸನ್ಯಾಸಿಗಳಿಗಾಗಿ. ಒಂದೊಂದು ಕೋಣೆಗೆ ಒಂದೊಂದು ಚಿತ್ರ, ಒಬ್ಬನೇ ನೋಡುವವನು, ಬದುಕಿಡೀ ಅದೇ ಚಿತ್ರ. ಅದಕ್ಕೇ ಅವು ಅಷ್ಟು ಸರಳ. ದಿನಾ ನೋಡುವ ಚಿತ್ರದಲ್ಲಿ ಗಲಾಟೆ ಇರಬಾರದು. ಮೆಟ್ಟಿಲು ಹತ್ತಿದ ಕೂಡಲೇ ಎದುರಾಗುವ ಯೇಸುವಿನ ತಾಯಿ ಮರಿಯಳ ಚಿತ್ರದ ಕೆಳಗೆ ಮಾತ್ರ ಒಂದು ಸೂಚನೆ ಬರೆದಿದೆ, ಇಲ್ಲಿಂದ ಹಾದುಹೋಗುವಾಗ ನಮೋ ಮರಿಯಾ ಪ್ರಾರ್ಥನೆ ಮರೆಯಬೇಡ ಅಂತ.

ಇಷ್ಟು ಹೇಳಿ ನಾನು ಇಸೆನ್‌ಹೈಮ್ ಬಲಿಪೀಠಕ್ಕೆ ಬಂದೆ. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇಸೆನ್‌ಹೈಮ್ ಇರುವುದು ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದಲ್ಲಿ, ಕೊಲ್ಮಾರ್ ಊರಿನ ಹತ್ತಿರ. ಅಲ್ಲಿ ಸಂತ ಅಂತೋಣಿಯ ಹೆಸರಿನ ಮಠ ಇತ್ತು. ಪಾದುವಾದ ಅಂತೋಣಿ ಅಲ್ಲ, ಈಜಿಪ್ಟಿನ ಮರುಭೂಮಿಯಲ್ಲಿದ್ದ ಅಂತೋಣಿ. ಆ ಸನ್ಯಾಸಿಗಳ ಮುಖ್ಯ ಕೆಲಸ ಒಂದು ಕಾಯಿಲೆಯವರನ್ನು ನೋಡಿಕೊಳ್ಳುವುದು. ಸಂತ ಅಂತೋಣಿಯ ಬೆಂಕಿ ಅಂತ ಅದರ ಹೆಸರು. ರೈ ಧಾನ್ಯದ ತೆನೆಗೆ ಹಿಡಿಯುವ ಎರ್ಗಟ್ ಅನ್ನೋ ಶಿಲೀಂಧ್ರ ಹಿಟ್ಟಿಗೆ ಸೇರಿ, ರೊಟ್ಟಿ ತಿಂದವರಿಗೆ ಬರುತ್ತಿದ್ದ ವಿಷದ ಕಾಯಿಲೆ ಅದು ಅಂತ ಈಗ ನಮಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಮೈಯೊಳಗೆ ಬೆಂಕಿ ಇಟ್ಟ ಹಾಗೆ ಉರಿ, ಸೆಳೆತ, ಭ್ರಮೆ, ಕೈಕಾಲು ಕಪ್ಪಾಗಿ ಕೊಳೆಯುವುದು. ಎಷ್ಟೋ ಸಲ ಕತ್ತರಿಸಲೇಬೇಕಾಗುತ್ತಿತ್ತು.

1512ರಿಂದ 1516ರ ನಡುವೆ ಮಥಿಯಾಸ್ ಗ್ರೂನೆವಾಲ್ಡ್ ಈ ಮಠಕ್ಕಾಗಿ ಚಿತ್ರಫಲಕಗಳನ್ನು ಬರೆದ. ಬಾಗಿಲ ಹಾಗೆ ಮಡಚಿ ತೆರೆಯುವ ಫಲಕಗಳು. ಮುಚ್ಚಿದಾಗ ಕಾಣುವುದು ಶಿಲುಬೆ. ಹಿಂದೆ ಕತ್ತಲು. ಕ್ರಿಸ್ತನ ಮೈ ಹಸಿರು ತಿರುಗಿದೆ, ತುಂಬಾ ಹುಣ್ಣುಗಳು, ಮುರಿದ ಮುಳ್ಳುಗಳು ಚರ್ಮದಲ್ಲೇ ಇವೆ, ಬೆರಳುಗಳು ನೋವಿಗೆ ಸೆಟೆದು ಆಕಾಶಕ್ಕೆ ಬಿಚ್ಚಿಕೊಂಡಿವೆ, ಪಾದ ತಿರುಚಿದೆ. ಪುಸ್ತಕದಲ್ಲಿ ಮೊದಲ ಸಲ ನೋಡಿದಾಗ ನಾನು ಪುಟ ಮಗುಚಿಬಿಟ್ಟಿದ್ದೆ. ಇಷ್ಟು ಘೋರ ಯಾಕೆ ಬೇಕು ಅನ್ನಿಸಿತ್ತು. ರೋಗಿಗಳ ವಿಷಯ ಓದಿದ್ದು ಆಮೇಲೆ.

ಮಠಕ್ಕೆ ಬಂದ ರೋಗಿಗಳನ್ನು ಈ ಬಲಿಪೀಠದ ಮುಂದೆ ಕರೆತರುತ್ತಿದ್ದರು. ಅವರು ನೋಡಿದ ಮೈ ಅವರದೇ ಮೈ. ಊರಿನವರು ಮುಖ ತಿರುಗಿಸಿದ್ದ ಆ ಹುಣ್ಣು, ಆ ಉರಿ ಬಲಿಪೀಠದ ಮೇಲೆ ದೇವರ ಮೈಮೇಲಿತ್ತು. ನಿನಗಾಗುತ್ತಿರುವುದು ನನಗೆ ಗೊತ್ತು ಅಂತ ಬಾಯಲ್ಲಿ ಹೇಳುವುದು ಸುಲಭ. ಗ್ರೂನೆವಾಲ್ಡ್ ಅದನ್ನು ತೋರಿಸಿದ. ನಡುವಿನಿಂದ ಫಲಕ ತೆರೆದಾಗ ಕ್ರಿಸ್ತನ ಒಂದು ಕೈ ಮೈಯಿಂದ ಬೇರೆಯಾಗುತ್ತದೆ, ಕೈ ಕಳೆದುಕೊಂಡವರಿಗೆ ಅದು ಹೇಗೆ ಕಂಡಿರಬಹುದು ಅಂತ ಕೆಲವು ವಿದ್ವಾಂಸರು ಕೇಳಿದ್ದಾರೆ. ಚಿತ್ರಕಾರ ಅದನ್ನು ಬೇಕೆಂದೇ ಮಾಡಿದನೋ ಗೊತ್ತಿಲ್ಲ, ಕಣ್ಣಿಗಂತೂ ಕಾಣುತ್ತದೆ.

ತೆರೆದಾಗ ಒಳಗೆ ಪುನರುತ್ಥಾನ. ಸಮಾಧಿಯಿಂದ ಮೇಲೆದ್ದ ಕ್ರಿಸ್ತ, ಸೂರ್ಯನಂಥ ಬೆಳಕಿನ ಬಳೆ, ಬೆಳ್ಳಗಿನ ಮೈ. ಒಂದೂ ಹುಣ್ಣಿಲ್ಲ, ಶಿಲುಬೆಯ ಗಾಯಗಳು ಮಾತ್ರ ಉಳಿದಿವೆ. ಇನ್ನೂ ಒಳಗಿನ ಫಲಕದಲ್ಲಿ ದೆವ್ವಗಳು ಅಂತೋಣಿಯನ್ನು ಎಳೆದಾಡುತ್ತಿರುವಾಗ ಮೂಲೆಯಲ್ಲಿ ಹೊಟ್ಟೆ ಊದಿಕೊಂಡು, ಮೈಯೆಲ್ಲ ಹುಣ್ಣಾದ ಒಂದು ಜೀವ ಬಿದ್ದಿದೆ. ಅದು ಯಾರು ಅಂತ ಆ ಕೋಣೆಯಲ್ಲಿದ್ದ ಯಾರಿಗೂ ಹೇಳಬೇಕಿರಲಿಲ್ಲ. ಈಗ ಈ ಫಲಕಗಳು ಕೊಲ್ಮಾರಿನ ಉಂಟರ್‌ಲಿಂಡನ್ ಸಂಗ್ರಹಾಲಯದಲ್ಲಿವೆ, ಎಲ್ಲ ಬದಿಯನ್ನೂ ಒಟ್ಟಿಗೆ ನೋಡಲಿ ಅಂತ ಬಿಡಿಸಿ ಇಟ್ಟಿದ್ದಾರೆ. ನೋಡಲು ಅನುಕೂಲ, ನಿಜ. ಆದರೆ ಕಾಯುವುದು, ಒಂದು ಹಬ್ಬದ ದಿನ ಬಾಗಿಲು ತೆರೆಯುವುದು, ಅದು ಹೋಯಿತು.

ಇದು ಮುಗಿದು ಒಂದು ವರ್ಷಕ್ಕೆ ಜರ್ಮನಿಯಲ್ಲಿ ಚರ್ಚಿನ ವಿರುದ್ಧ ಲೂಥರನ ಪ್ರತಿಭಟನೆ ಶುರು. ಲೂಥರ್ ಚಿತ್ರಗಳ ಶತ್ರು ಅಂತ ಜನ ತಿಳಿದಿದ್ದಾರೆ, ಹಾಗಿಲ್ಲ. ಕ್ರಿಸ್ತನ ಕಥೆ ಕೇಳಿದಾಗ ಮನಸ್ಸಿನಲ್ಲಿ ಶಿಲುಬೆಯ ಚಿತ್ರ ಮೂಡಿಯೇ ಮೂಡುತ್ತದೆ, ಮನಸ್ಸಿನಲ್ಲಿದ್ದರೆ ಪಾಪ ಅಲ್ಲ ಅಂದಮೇಲೆ ಕಣ್ಣೆದುರಿದ್ದರೆ ಹೇಗೆ ಪಾಪ ಅಂತ ಅವನು ಕೇಳಿದ್ದ. ಚಿತ್ರ ತೆಗೆಸಿದವನು ಜ್ಯೂರಿಕ್‌ನ ಇನ್ನೊಬ್ಬ ಸುಧಾರಕ ಜ್ವಿಂಗ್ಲಿ. 1566ರಲ್ಲಿ ನೆದರ್‌ಲ್ಯಾಂಡ್ಸ್ ಕಡೆ ಗುಂಪುಗಳು ಚರ್ಚಿಗೆ ನುಗ್ಗಿ ಒಡೆದವು. ನಷ್ಟ ನೆನೆದರೆ ಸಂಕಟವಾಗುತ್ತದೆ. ಆದರೂ ಹೊಟ್ಟೆಗಿಲ್ಲದವನು ಕ್ರಿಸ್ತನ ನಿಜವಾದ ರೂಪ, ಬಂಗಾರ ಬಳಿದ ಮರ ಅಲ್ಲ ಅನ್ನೋ ಅವರ ಸಿಟ್ಟನ್ನು ನಾನು ತಳ್ಳಿಹಾಕಲಾರೆ. ಆ ನಾಡಿನಲ್ಲಿ ಚಿತ್ರ ಚರ್ಚಿನಿಂದ ಮನೆಗೆ ಬಂತು, ರೆಂಬ್ರಾಂಟ್ ಬೈಬಲ್ ಕಥೆಗಳನ್ನು ಬರೆದದ್ದು ಅಂಥ ಕಡೆ.

ಕ್ಯಾಥೊಲಿಕ್ ಕಡೆ 1563ರಲ್ಲಿ ಟ್ರೆಂಟ್ ಸಭೆ ಚಿತ್ರಗಳು ಇರಲಿ, ಆದರೆ ದಾರಿ ತಪ್ಪಿಸದಿರಲಿ ಅಂದಿತು. ನಲವತ್ತು ವರ್ಷದ ಮೇಲೆ ಕರವಾಜ್ಜೊ ರೋಮಿನ ಸಾಂತ್ ಅಗೊಸ್ತೀನೊ ಚರ್ಚಿನಲ್ಲಿ ಮರಿಯಳನ್ನು ಬರೆದ. ಸಾಮಾನ್ಯ ಮನೆಯ ಹೊಸ್ತಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ಮುಂದೆ ಇಬ್ಬರು ಬಡ ಯಾತ್ರಿಕರು ಮೊಣಕಾಲೂರಿದ್ದಾರೆ, ಗಂಡಸಿನ ಕೊಳಕು ಪಾದಗಳು ನೇರ ನಮ್ಮ ಕಡೆ ತಿರುಗಿವೆ. ಜನ ಅದರ ಬಗ್ಗೆ ದೊಡ್ಡ ಗದ್ದಲ ಮಾಡಿದರು ಅಂತ ಆ ಕಾಲದ ಒಬ್ಬ ಚಿತ್ರಕಾರ ಬರೆದಿಟ್ಟಿದ್ದಾನೆ. ಆ ಚರ್ಚಿಗೆ ನಡೆದು ಬಂದ ಯಾತ್ರಿಕರ ಪಾದವೂ ಹಾಗೇ ಇದ್ದವು. ಈ ಚಿತ್ರ ಇನ್ನೂ ಅದೇ ಜಾಗದಲ್ಲಿದೆ.

ಕೊನೆಯ ಚಿತ್ರ 1938ರದ್ದು, ಬರೆದವನು ಯೆಹೂದಿ. ಮಾರ್ಕ್ ಶಗಾಲ್‌ನ ಬಿಳಿ ಶಿಲುಬೆಯ ಚಿತ್ರ, ಈಗ ಶಿಕಾಗೊದಲ್ಲಿದೆ. ಜರ್ಮನಿಯಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರಗಳು ಸುಟ್ಟುಹೋದ ವರ್ಷ ಅದು. ಶಿಲುಬೆಯ ಮೇಲೆ ಯೇಸು ಇದ್ದಾನೆ, ಸೊಂಟಕ್ಕೆ ಸುತ್ತಿರುವುದು ಯೆಹೂದಿಗಳು ಪ್ರಾರ್ಥನೆಗೆ ಹೊದೆಯುವ ಶಾಲು. ಸುತ್ತಲೂ ಉರಿಯುವ ಮನೆಗಳು, ಉರಿಯುವ ಮಂದಿರ, ದೋಣಿಯಲ್ಲಿ ತಪ್ಪಿಸಿಕೊಳ್ಳುವ ಜನ, ಧರ್ಮಗ್ರಂಥದ ಸುರುಳಿಯನ್ನು ಎದೆಗವಚಿ ಓಡುವ ಒಬ್ಬ. ಇದು ಯಾರ ಎದುರಿಗೆ ನಿಲ್ಲಲಿ ಅಂತ ಬರೆದದ್ದು ಅಂತ ಸಭೆಯಲ್ಲಿ ಕೇಳಿದೆ. ಕ್ರೈಸ್ತರ ಎದುರಿಗೆ, ಅಂದರು ಮುಂದಿನ ಸಾಲಿನ ಒಬ್ಬ ಹಿರಿಯರು. ನಾನೂ ಅದನ್ನೇ ಹೇಳಬೇಕೆಂದಿದ್ದೆ. ನೀವು ಸಾವಿರ ವರ್ಷ ಮುತ್ತಿಟ್ಟ ಈ ಮೈ ನಮ್ಮವನದು ಅಂತ ಆ ಚಿತ್ರ ಹೇಳುತ್ತದೆ.

ಎಡಗಡೆ ಕೆಳಗೆ ಒಬ್ಬ ಮುದುಕ ಇದ್ದಾನೆ, ಕೊರಳಿಗೆ ಒಂದು ಫಲಕ ತೂಗುಹಾಕಿದೆ. ಅದರ ಮೇಲೆ ಶಗಾಲ್ ಮೊದಲು ಜರ್ಮನ್ ಭಾಷೆಯಲ್ಲಿ 'ನಾನು ಯೆಹೂದಿ' ಅಂತ ಬರೆದಿದ್ದ. ಆಮೇಲೆ ಅವನೇ ಅದರ ಮೇಲೆ ಬಣ್ಣ ಬಳಿದ. ಈಗ ನೋಡಿದರೆ ಆ ಫಲಕ ಬಿಳಿ, ಖಾಲಿ.